ನೀಟ್ ಎಂಡಿಎಸ್ ರಿವಿಷನ್: ಗೊಂದಲ ಮಾಡುವ ಅಂಕಿಗಳಿಗೆ ಒಂದು ಹಾಳೆ

ನೀಟ್ ಎಂಡಿಎಸ್‌ಗೆ (ದಂತವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಓದುತ್ತಿರುವವರಿಗೆ ಒಂದು ಮಾತು. ಪರೀಕ್ಷೆ ಹತ್ತಿರ ಬಂದಾಗ ದಪ್ಪ ಪುಸ್ತಕವನ್ನು ಸುಮ್ನೆ ಮೊದಲಿಂದ ತಿರುವಬೇಡಿ. ಒಂದಕ್ಕೊಂದು ಕಲಸಿಹೋಗುವ ಅಂಕಿಗಳನ್ನು ಮಾತ್ರ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಟ್, ಹಾಗಾಗಿ "ಎರಡು ವಾರಾನಾ, ನಾಲ್ಕಾ?" ಅನ್ನೋ ಅನುಮಾನ ತುಂಬಾ ದುಬಾರಿ.

ಹಲ್ಲಿಗೆ ಪೆಟ್ಟು ಬಿದ್ದಾಗ ಅದು ಅಲುಗಾಡದಂತೆ ಪಕ್ಕದ ಹಲ್ಲುಗಳಿಗೆ ಸೇರಿಸಿ ಹಾಕುವ ಪಟ್ಟಿ, ಅಂದ್ರೆ ಸ್ಪ್ಲಿಂಟ್, ಎಷ್ಟು ದಿನ ಇರಬೇಕು ಅನ್ನೋದನ್ನೇ ನೋಡಿ. ಅವಲ್ಷನ್‌ಗೆ (ಹಲ್ಲು ಪೂರ್ತಿ ಕಿತ್ತು ಬರುವುದು) 2 ವಾರ, ಎಕ್ಸ್‌ಟ್ರೂಷನ್‌ಗೂ (ಹಲ್ಲು ಸಾಕೆಟ್‌ನಿಂದ ಸ್ವಲ್ಪ ಹೊರಬರುವುದು) 2 ವಾರ. ಲ್ಯಾಟರಲ್ ಲಕ್ಸೇಷನ್‌ಗೆ (ಹಲ್ಲು ಪಕ್ಕಕ್ಕೆ ಸರಿಯುವುದು) 4 ವಾರ, ಯಾಕಂದ್ರೆ ಅಲ್ಲಿ ಸಾಮಾನ್ಯವಾಗಿ ಸಾಕೆಟ್‌ನ ಮೂಳೆಯೂ ಮುರಿದಿರುತ್ತದೆ, ಅದು ಕೂಡಲು ಟೈಮ್ ಬೇಕಲ್ವಾ. ಬೇರು ಮುರಿದಿದ್ದರೂ 4 ವಾರ, ಆದರೆ ಸರ್ವೈಕಲ್ ಭಾಗದಲ್ಲಿ (ಬೇರಿನ ಮೇಲ್ತುದಿ, ಒಸಡಿನ ಹತ್ತಿರ) ಮುರಿದಿದ್ದರೆ 4 ತಿಂಗಳವರೆಗೂ ಬೇಕಾಗಬಹುದು. ಇವೆಲ್ಲ ಐಎಡಿಟಿಯ (ಹಲ್ಲಿನ ಪೆಟ್ಟಿನ ಚಿಕಿತ್ಸೆಯ ಅಂತಾರಾಷ್ಟ್ರೀಯ ಸಂಘ) 2020ರ ಮಾರ್ಗಸೂಚಿಯಲ್ಲಿರುವುದು. ಸೀನಿಯರ್ ಕೊಟ್ಟ ಹಳೇ ನೋಟ್ಸ್‌ನಲ್ಲಿ ಬೇರೆ ಇದ್ದರೆ ಹೊಡೆದು ಹಾಕಿ.

ಪ್ರತಿ ಸಾಲಿನ ಪಕ್ಕ "ಯಾಕೆ" ಅಂತ ನಾಲ್ಕು ಪದ ಬರೆಯುವುದನ್ನು ಬಿಡಬೇಡಿ, ನನ್ನ ಪ್ರಕಾರ ಅಂಕಿಗಿಂತ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಕಿತ್ತು ಬಂದ ಹಲ್ಲನ್ನು ಹಾಲಲ್ಲಿ ಇಡಬಹುದು, ನೀರು ಬೇಡ: ನೀರು ಹೈಪೋಟಾನಿಕ್ (ಜೀವಕೋಶದ ಒಳಗಿನದಕ್ಕಿಂತ ಲವಣ ಕಡಿಮೆ), ಬೇರಿನ ಮೇಲಿನ ಜೀವಕೋಶ ಊದಿ ಒಡೆಯುತ್ತದೆ. ಹಾಲುಹಲ್ಲು ಕಿತ್ತು ಬಂದರೆ ವಾಪಸ್ ಕೂರಿಸುವ ಹಾಗಿಲ್ಲ: ಕೆಳಗಿನ ಶಾಶ್ವತ ಹಲ್ಲಿನ ಮೊಗ್ಗಿಗೆ ಏಟು ಬೀಳಬಹುದು.

ಹಾಳೆ ರೆಡಿಯಾದ ಮೇಲೆ ಅಂಕಿಯ ಕಾಲಂ ಮುಚ್ಚಿ, ಮನಸ್ಸಿಗೆ ಬಂದ ಸಾಲಿನಿಂದ ಶುರು ಮಾಡಿ. ಮೇಲಿಂದ ಕೆಳಗೆ ಓದಿದರೆ ಬರೀ ಕ್ರಮ ಬಾಯಿಪಾಠ ಆಗುತ್ತದೆ, ಅಷ್ಟೇ.