ತುಳಸಿ ಎಲೆಗೆ ಚಿನ್ನದ ಲೇಪ

ತುಳಸಿ ಎಲೆಯನ್ನು ಸವರಿದರೆ ಕೈಗೆ ಘಮ ಅಂಟುತ್ತದೆ ಅಲ್ವಾ? ಎಲೆಯ ಮೈಮೇಲಿನ ಪುಟ್ಟ ಎಣ್ಣೆ ಗ್ರಂಥಿಗಳ ಕೆಲಸ ಅದು. ಅವನ್ನು ಹತ್ತಿರದಿಂದ ನೋಡಬೇಕೆಂದರೆ ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ಚಿತ್ರ ತೆಗೆಯುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಲ್ಯಾಬಿನವರು 'ಸೆಮ್' ಅನ್ನುತ್ತಾರೆ. ಆದರೆ ಅದರೊಳಗೆ ಗಾಳಿಯೇ ಇರುವುದಿಲ್ಲ. ಹಸಿ ಎಲೆಯನ್ನು ಹಾಗೇ ಇಟ್ಟರೆ ನೀರೆಲ್ಲ ಆವಿಯಾಗಿ ಎಲೆ ಮುರುಟಿಕೊಳ್ಳುತ್ತದೆ.

ಮೊದಲು ಹೊಸ ಬ್ಲೇಡಿನಿಂದ 5 ಮಿ.ಮೀ. ಅಗಲದ ತುಂಡು ಕತ್ತರಿಸಿ. ತಡಮಾಡದೆ, ಆಮ್ಲೀಯತೆ ಏರುಪೇರಾಗದಂತೆ ಕಾಯುವ ಬಫರ್‌ನಲ್ಲಿ ಬೆರೆಸಿದ 2.5% ಗ್ಲುಟರಾಲ್ಡಿಹೈಡ್‌ನಲ್ಲಿ ಮುಳುಗಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಇದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಆಕಾರ ಉಳಿಸುತ್ತದೆ. ಇದರ ಆವಿ ಕಣ್ಣು, ಮೂಗು ಉರಿಸುತ್ತದೆ. ಹಾಗಾಗಿ ಕೈಗವಸು ಹಾಕಿಕೊಂಡು, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ.

ಮರುದಿನ ಬಫರ್‌ನಲ್ಲಿ ತೊಳೆದು, ಎಲೆಯ ನೀರು ಹೊರಹೋಗಲು 30, 50, 70, 90, 100% ಎಥನಾಲ್‌ನಲ್ಲಿ ಹದಿನೈದು ಹದಿನೈದು ನಿಮಿಷ ಇಡುತ್ತಾ ಹೋಗಿ. ಕೊನೆಯದನ್ನು ಎರಡು ಸಲ ಮಾಡಿ. ನಡುವೆ ತುಂಡು ಒಣಗಲೇಬಾರದು. ಎಥನಾಲ್ ಎಣ್ಣೆಯನ್ನೂ ಮೇಣವನ್ನೂ ಕರಗಿಸುತ್ತದೆ. ಹೀಗಾಗಿ ಕೊನೆಗೆ ಕಾಣುವುದು ಗ್ರಂಥಿಯ ರೂಪ ಮಾತ್ರ, ಎಣ್ಣೆಯಲ್ಲ.

ಮುಂದಿನದು ಒಣಗಿಸುವುದು. ಜಾಸ್ತಿ ಸ್ಯಾಂಪಲ್‌ಗಳು ಹಾಳಾಗುವುದು ಇಲ್ಲೇ ಎಂದು ನನ್ನ ಅನಿಸಿಕೆ. ಸುಮ್ನೆ ಗಾಳಿಗಿಟ್ಟರೆ ಆವಿಯಾಗುವ ದ್ರವದ ಮೇಲ್ಮೈ ಎಳೆತಕ್ಕೆ ನವಿರು ರೋಮಗಳು ಎಲೆಗೆ ಅಂಟಿ ಬಿದ್ದುಬಿಡುತ್ತವೆ. ಅದಕ್ಕೇ ಇರುವುದು ಕ್ರಿಟಿಕಲ್ ಪಾಯಿಂಟ್ ಡ್ರೈಯರ್. ಅದರಲ್ಲಿ ಎಥನಾಲ್ ಜಾಗಕ್ಕೆ ದ್ರವ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಶಾಖ 31 ಡಿಗ್ರಿ ಸೆಲ್ಸಿಯಸ್, ಒತ್ತಡ ವಾತಾವರಣದ 73 ಪಟ್ಟು ದಾಟಿದರೆ ದ್ರವ, ಅನಿಲ ಎಂಬ ಭೇದವೇ ಇರುವುದಿಲ್ಲ. ಮೇಲ್ಮೈಯೇ ಇಲ್ಲದ ಮೇಲೆ ಎಳೆತ ಎಲ್ಲಿಂದ ಬರಬೇಕು? ಆ ಶಾಖ ಇಳಿಯದಂತೆ ನೋಡಿಕೊಂಡು ಅನಿಲವನ್ನು ನಿಧಾನ ಬಿಡಿ. ಅವಸರ ಬೇಡ.

ಒಣಗಿದ ತುಂಡನ್ನು ಅಲ್ಯೂಮಿನಿಯಂ ಸ್ಟಬ್ (ಸ್ಯಾಂಪಲ್ ಕೂರಿಸುವ ಪುಟ್ಟ ಪೀಠ) ಮೇಲೆ ಕಾರ್ಬನ್ ಟೇಪಿನಿಂದ ಅಂಟಿಸಿ. ವಿದ್ಯುತ್ ಸ್ಟಬ್ಬಿಗೆ ಹರಿದುಹೋಗಲು ಅಂಚಿಗೆ ಸ್ವಲ್ಪ ಸಿಲ್ವರ್ ಪೇಂಟ್ ಮುಟ್ಟಿಸಿ.

ಇನ್ನು ಚಿನ್ನ. ಎಲೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಎಲೆಕ್ಟ್ರಾನುಗಳು ಅಲ್ಲೇ ಜಮೆಯಾಗಿ ಚಿತ್ರ ಬೆಳ್ಳಗೆ ಹೊಳೆಯುತ್ತದೆ, ಜಾರುತ್ತದೆ. ವಿದ್ಯುತ್ ಹರಿಯುವ ಚಿನ್ನದ ಲೇಪ ಇದನ್ನು ತಪ್ಪಿಸುತ್ತದೆ. ಸ್ಪಟರ್ ಕೋಟರ್‌ನಲ್ಲಿ ಆರ್ಗಾನ್ ಅಯಾನುಗಳು ಚಿನ್ನದ ತಟ್ಟೆಗೆ ಬಡಿದು ಪರಮಾಣುಗಳನ್ನು ಎಬ್ಬಿಸುತ್ತವೆ. ಅವು ಎಲೆಯ ಮೇಲೆ ಕೂರುತ್ತವೆ. 10 ನ್ಯಾನೋಮೀಟರ್ ದಪ್ಪ ಸಾಕು, ಕಾಗದದ ಹಾಳೆಯ ಸುಮಾರು ಹತ್ತು ಸಾವಿರದ ಒಂದು ಪಾಲು. ಜಾಸ್ತಿ ಬಳಿದರೆ ಸೂಕ್ಷ್ಮ ಗೆರೆಗಳೇ ಮುಚ್ಚಿಹೋಗುತ್ತವೆ. ಹೊಮ್ಮುವ ಎಕ್ಸ್-ರೇಯ ಗುರುತು ಹಿಡಿದು ಎಲೆಯಲ್ಲಿ ರಂಜಕ, ಗಂಧಕ ಹುಡುಕುವುದಿದ್ದರೆ ಮಾತ್ರ ಚಿನ್ನ ಬಿಟ್ಟು ಕಾರ್ಬನ್ ಲೇಪಿಸಿ. ಚಿನ್ನದ ಎಕ್ಸ್-ರೇ ಗುರುತು ಅವುಗಳ ಪಕ್ಕದಲ್ಲೇ ಬಂದು ಗೊಂದಲ ಮಾಡುತ್ತದೆ.

ಆಮೇಲೂ ಚಿತ್ರ ಬೆಳ್ಳಗಾದರೆ ಕೂಡಲೇ ಇನ್ನೊಂದು ಪದರ ಬಳಿಯಬೇಡಿ. ಮೊದಲು ಸಿಲ್ವರ್ ಪೇಂಟ್ ಸ್ಟಬ್‌ಗೆ ತಾಗಿದೆಯೇ ನೋಡಿ, ಸೆಮ್‌ನ ವೋಲ್ಟೇಜ್ ಇಳಿಸಿ.