ಮೈಸೂರಿನ ಕುರ್ಚಿ, ಊರಿನ ಜಮಖಾನ

ಕುಡಿತ ಬಿಡಬೇಕು ಅಂತ ಮನಸ್ಸು ಮಾಡಿದ ನಮ್ಮ ಮಂಡ್ಯ ಕಡೆಯವರು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಮೀಟಿಂಗಿನ ಬಗ್ಗೆ ನನ್ನನ್ನು ಮೊದಲು ಕೇಳುವುದು ಒಂದೇ: "ಅಣ್ಣ, ಅಲ್ಲಿ ನಮ್ಮೂರವರು ಯಾರಾದ್ರೂ ಸಿಕ್ಬುಟ್ಟಾರಾ?" ಖರ್ಚಿನ ಭಯಕ್ಕಿಂತ, ಮಾತ್ರೆಯ ಭಯಕ್ಕಿಂತ ಇದು ದೊಡ್ಡದು. ನನಗೂ ಇತ್ತು. ಅದಕ್ಕೇ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಕೂತು ಮಾತಾಡುವ ಈ ಮೀಟಿಂಗನ್ನು ನಾನು ಹುಡುಕಿದ್ದು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ. ಹೊಸಬರಿಗೂ ಹಾಗೇ ಹೇಳುತ್ತೇನೆ. ನಾಚಿಕೆ ಇದ್ದರೆ ದೂರದ ಊರಿನಿಂದಲೇ ಶುರುಮಾಡಿ.

ಆದರೆ ಮೀಟಿಂಗಿಗಿಂತ ಮೊದಲು ಡಾಕ್ಟರು. ಬೆಳಗ್ಗೆ ಎದ್ದರೆ ಕೈ ನಡುಗಿ, ಒಂದು ಗುಟುಕು ಒಳಗೆ ಹೋದ ಮೇಲೆ ನಿಲ್ಲುವ ಸ್ಥಿತಿಯಲ್ಲಿರುವವರು ಮನೆಯಲ್ಲೇ ಹಟ ಹಿಡಿದು ಏಕಾಏಕಿ ನಿಲ್ಲಿಸಬಾರದು. ಕೊನೆಯ ಸಲ ಕುಡಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದೆಲ್ಲ ಕಾಣಿಸಿ, ಜ್ವರ ಏರಿ, ಜೀವಕ್ಕೇ ಕುತ್ತಾಗಬಹುದು. ನಾನು ಮೈಸೂರಿನ ಕೆ.ಆರ್. ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ತೋರಿಸಿದೆ. ನಡುಕ ತಗ್ಗಿಸುವ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಕೊಟ್ಟರು, ಜೊತೆಗೆ ಬಿ1 ವಿಟಮಿನ್. ಇಲ್ಲಿ ಮನೆಯವರಿಗೂ ಒಂದು ವಿನಂತಿ: ಯಾರೋ ಮಾರುವ ಪುಡಿಯನ್ನು ಗೊತ್ತಾಗದಂತೆ ಸಾರಿಗೆ ಬೆರೆಸಬೇಡಿ. ಅದರಲ್ಲಿ ಕುಡಿತ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಅನ್ನುವ ಔಷಧಿ ಇದ್ದು, ಕುಡಿಯುವವನು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು.

ಎ.ಎ. ನಂಬರ್ ಕೊಟ್ಟವರು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಯಾರನ್ನು ಕೇಳಬೇಕೋ ತಿಳಿಯದವರು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ ಫೋನ್ ಮಾಡಬಹುದು. ಅದಕ್ಕೆ ದುಡ್ಡು ಬೀಳುವುದಿಲ್ಲ. ಎ.ಎ.ಗೆ ಫೋನ್ ಮಾಡಿದಾಗ ಕೇಳಿ ತಿಳಿಯಬೇಕಾದ ವಿಷಯಗಳಿವೆ. ಕನ್ನಡದಲ್ಲಿ ಮಾತಾಡುತ್ತಾರೋ ಇಂಗ್ಲಿಷಿನಲ್ಲೋ? ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ? ಓಪನ್ ಆದರೆ ಹೆಂಡತಿ, ಅಣ್ಣತಮ್ಮಂದಿರು ಜೊತೆಗೆ ಬರಬಹುದು. ಕ್ಲೋಸ್ಡ್ ಆದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮುಗಿದ ಮೇಲೆ ನಮ್ಮ ಕಡೆಗೆ ಬಸ್ಸೋ ರೈಲೋ ಇದೆಯಾ? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಬಸ್ ತಪ್ಪಿ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತಿನಲ್ಲಿ ಎದುರಿನ ಬಾರಿನ ಬೋರ್ಡು ಬಹಳ ಹತ್ತಿರ ಕಾಣುತ್ತದೆ.

ಒಳಗೆ ಹೋದರೆ ನಿಮ್ಮ ಜಾತಿ, ಕೆಲಸ, ವಿಳಾಸ ಯಾರಿಗೂ ಬೇಡ. ಹೆಸರೊಂದು ಸಾಕು. ಫೀಸಿಲ್ಲ. ಕಾಣಿಕೆ ಡಬ್ಬಿ ತಿರುಗುತ್ತದೆ, ಹೊಸಬರು ಹಾಕಬೇಕಿಲ್ಲ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ಅದಕ್ಕೆ ಶೇರಿಂಗ್ ಅನ್ನುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮನೆಯಲ್ಲಿ, ಊರಿನಲ್ಲಿ ಎಲ್ಲರಿಂದ ಬುದ್ಧಿ ಹೇಳಿಸಿಕೊಂಡು ಸೋತ ನನಗೆ ಅದೇ ದೊಡ್ಡ ಉಪಕಾರವಾಯಿತು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಒಬ್ಬ ಷೇರು ವ್ಯಾಪಾರಿ, ಒಬ್ಬ ಸರ್ಜನ್ ಸೇರಿ ಇದನ್ನು ಶುರುಮಾಡಿದ್ದೇ, ಇನ್ನೊಬ್ಬ ಕುಡುಕನ ಜೊತೆ ಮನಬಿಚ್ಚಿ ಮಾತಾಡಿದರೆ ತಾನು ಕುಡಿಯದೆ ಇರಬಹುದು ಅನ್ನುವುದನ್ನು ಕಂಡುಕೊಂಡು. ಹೇಳುವವನಿಗೂ ಅದು ಔಷಧಿ. ಸೊಸೈಟಿ ಸಾಲದ ದುಡ್ಡು ಎಲ್ಲಿ ಕರಗಿತು ಅನ್ನುವುದನ್ನು ನಾನು ಮೊದಲು ಬಾಯಿಬಿಟ್ಟು ಹೇಳಿದ್ದು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಗುರುತೇ ಇಲ್ಲದ ಜನರೆದುರು.

ಆದರೆ ಮೈಸೂರಿನ ಆ ಕುರ್ಚಿ ನಮ್ಮೂರಿನ ಹೊಸತೊಡಕಿನ ದಿನ ಪಕ್ಕಕ್ಕೆ ಬರುವುದಿಲ್ಲ. ಬೀಗರೂಟಕ್ಕೂ ಬರುವುದಿಲ್ಲ, ಕಬ್ಬಿನ ದುಡ್ಡು ಖಾತೆಗೆ ಬಿದ್ದ ಸಂಜೆಗೂ ಬರುವುದಿಲ್ಲ. ಅದಕ್ಕೆ ಬೇಕಾದವರು ಸಿಕ್ಕಿದ್ದು ಊರಿನ ನವಜೀವನ ಸಮಿತಿಯಲ್ಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರಲ್ಲ, ಅದರಲ್ಲಿ ಕುಡಿತ ಬಿಟ್ಟವರು ಆಮೇಲೆ ಸೇರುವ ಗುಂಪು ಅದು. ಅಲ್ಲಿ ಜಮಖಾನ ಹಾಸಿ ಕೂರುತ್ತೇವೆ. ಭಜನೆ ಇರುತ್ತದೆ, ಹೆಂಗಸರೂ ಬರುತ್ತಾರೆ, ಊರಿಗೆಲ್ಲ ಗೊತ್ತಿರುತ್ತದೆ. ಮೈಸೂರಿನಲ್ಲಿ ಗುಟ್ಟು ನನ್ನನ್ನು ಕಾಪಾಡಿದರೆ, ಇಲ್ಲಿ ಗುಟ್ಟಿಲ್ಲದಿರುವುದೇ ಕಾಪಾಡುತ್ತದೆ. ಬೀಗರೂಟದಲ್ಲಿ ಯಾರಾದರೂ ನನ್ನ ಮುಂದೆ ಲೋಟ ಇಟ್ಟರೆ, "ಅವನು ಬಿಟ್ಟವ್ನೆ, ತಗೀ ಅತ್ಲಾಗೆ" ಅನ್ನುವವರು ಪಂಕ್ತಿಯಲ್ಲೇ ಇರುತ್ತಾರೆ. ಎರಡರಲ್ಲಿ ಯಾವುದು ಮೇಲು ಅಂತ ಕೆಲವರು ವಾದ ಹೂಡುತ್ತಾರೆ. ನನಗಂತೂ ಎರಡೂ ಬೇಕು. ಊರವರೆದುರು ಹೇಳಲಾಗದ್ದನ್ನು ಮೈಸೂರಿನಲ್ಲಿ ಇಳಿಸಿ ಬರುತ್ತೇನೆ.

ನನ್ನ ಮನೆಯವಳು ಹೋಗುವುದು ಆಲ್-ಅನಾನ್‌ಗೆ. 1951ರಲ್ಲಿ ಕುಡುಕರ ಮನೆಯವರಿಗಾಗಿಯೇ ಕಟ್ಟಿದ ಬೇರೆ ಸಂಘ ಅದು. ಅಲ್ಲಿ ಏನು ಮಾತಾಡುತ್ತಾಳೆಂದು ನಾನು ಕೇಳುವುದಿಲ್ಲ. ಗಂಡ ಬಿಡದಿದ್ದರೂ ಹೆಂಡತಿ ಹೋಗಬಹುದು, ಹೋಗಬೇಕು.

ಇನ್ನು, "ಇವತ್ತು ಕುಡಿದುಬಿಟ್ಟೆ, ಹೇಗೆ ಹೋಗಲಿ?" ಅನ್ನುವವರಿಗೆ. ಎ.ಎ. ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆ ಮಾತ್ರ. ಬಿಟ್ಟೇ ಬರಬೇಕು ಅನ್ನುವ ನಿಯಮವಿಲ್ಲ. ಗಾಡಿ ಓಡಿಸಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ. ಆ ದಿನ ಮಾತಾಡದೆ ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಹೊರಡುವಾಗ ಬಹಳ ದಿನದಿಂದ ಕುಡಿಯದೆ ಇರುವ ಒಬ್ಬರ ನಂಬರ್ ಬರೆಸಿಕೊಳ್ಳಿ, ಮಾರನೆಯ ಬೆಳಗ್ಗೆ ಅವರಿಗೆ ಫೋನ್ ಮಾಡಿ.