ಕುದುರೆ ಎಲ್ಲಿ ಒದೆಯುತ್ತದೆ, ಮೊದಲು ಅದು ನೋಡಿ

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ತನ್ನ ಬಿಳಿ ಕುದುರೆಯ ಕಾಲಿಗೆ ಫಿನಾಯಿಲ್ ಹಚ್ಚುತ್ತಿದ್ದ. ನೆಲ ಒರೆಸೋ ಫಿನಾಯಿಲ್! ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಕುದುರೆ ಅದು. "ನೊಣ ಜಾಸ್ತಿ ಅಜ್ಜಿ, ಏನ್ ಮಾಡ್ಲಿ" ಅಂತಾನೆ. ಕುದುರೆ ಚರ್ಮ ಅಂದರೆ ಎಮ್ಮೆ ಚರ್ಮ ಅಂದುಕೊಂಡನೋ ಏನೋ. ಒಂದು ನೊಣ ಕೂತರೂ ಅದಕ್ಕೆ ಗೊತ್ತಾಗುತ್ತದೆ, ಅಷ್ಟು ಜಾಗದ ಚರ್ಮ ಮಾತ್ರ ನಡುಗಿಸಿ ಹಾರಿಸುತ್ತದೆ. ಅಂಥ ಮೈಗೆ ಫಿನಾಯಿಲ್, ಸೀಮೆಎಣ್ಣೆ ಬಳಿದರೆ ಬೊಬ್ಬೆ ಎದ್ದು ಕೂದಲು ಉದುರುತ್ತದೆ. ಡಬ್ಬ ಕಿತ್ತುಕೊಂಡು ಮನೆಗೆ ಬಂದೆ.

ನಾನು ಮದುವೆಯಾಗಿ ಬಂದದ್ದು ಮೈಸೂರಿನ ಟಾಂಗಾ ಮನೆಗೆ. ಲಾಯ ಅಂದರೆ ಅಡುಗೆಮನೆ ಹಿಂದಿನ ತಗಡಿನ ಚಪ್ಪರ, ಎರಡು ಕುದುರೆ. ನಾನು ಎಣ್ಣೆ ಬಟ್ಟಲು ಹಿಡಿದು ಹೋದರೆ ಮಾವನವರು ತಡೆಯೋರು. "ಮದ್ದು ಆಮೇಲೆ. ಎಲ್ಲಿ ಒದೀತಿದೆ ನೋಡಮ್ಮ ಮೊದಲು."

ನಿಂತಲ್ಲೇ ಕಾಲು ಬಡಿಯುತ್ತಿದ್ದರೆ ಕಾಲಿಗೆ ಕಚ್ಚೋ ನೊಣ. ನೋಡೋಕೆ ಮನೆ ನೊಣದ ಹಾಗೇ ಇರುತ್ತದೆ. ಬಗ್ಗಿ ನೋಡಿ, ಮೂತಿ ಮುಂದೆ ಕಪ್ಪು ಸೂಜಿ ಚಾಚಿರುತ್ತದೆ. ಬಾಲದ ಬುಡ, ಜೂಲಿನ ಬುಡವನ್ನು ಕಂಬಕ್ಕೆ ಉಜ್ಜಿ ಬೋಳು ಮಾಡಿಕೊಂಡಿದ್ದರೆ ಗುಂಗುರು. ಕತ್ತಲಾಗುವಾಗ, ಬೆಳಗಾಗುವಾಗ ಬರೋ ಪುಡಿ ಹುಳು. ಮಟಮಟ ಮಧ್ಯಾಹ್ನ ಬೆಚ್ಚಿ ಹಾರಿದರೆ ದೊಡ್ಡ ಕುದುರೆ ನೊಣ. ಅದು ಕಚ್ಚೋದಲ್ಲ, ಕೊಯ್ಯೋದು. ಜಾಗದಲ್ಲಿ ರಕ್ತ ತೊಟ್ಟಿಕ್ಕುತ್ತಿರುತ್ತದೆ. ಎಲ್ಲಕ್ಕೂ ಒಂದೇ ಸ್ಪ್ರೇ ಹೊಡೆದು ಕೂತರೆ ಹೇಗೆ?

ಕಾಲಿನ ನೊಣ ಹುಟ್ಟೋದು ನಿಮ್ಮ ಲಾಯದಲ್ಲೇ. ಉಚ್ಚೆ ನೆಂದ ಹುಲ್ಲು ಲದ್ದಿ ಜೊತೆ ಕೊಳೆತರೆ ಅಲ್ಲಿ ಮೊಟ್ಟೆ ಇಡುತ್ತದೆ. ಸೆಕೆಗಾಲದಲ್ಲಿ ಎರಡು ಮೂರು ವಾರಕ್ಕೆ ಹೊಸ ನೊಣ ಸಿದ್ಧ. ಲದ್ದಿ ದಿನಾ ಎತ್ತಬೇಕು, ಅದು ಹೇಳಬೇಕಾ? ಯಾರೂ ಮಾಡದ್ದು ಅಂದರೆ ಮೂಲೆ ಮತ್ತು ಮೇವಿನ ತೊಟ್ಟಿಯ ಕೆಳಗಿನ ಕೆಸರು. ವಾರಕ್ಕೊಮ್ಮೆ ಅದನ್ನು ಕೆರೆದು ತೆಗೆದು ನೆಲ ಒಣಗೋಕೆ ಬಿಡಿ. ಈ ಕೆಲಸ ಮಾಡುವಾಗ ಒಲೆ ಮೇಲೆ ಹುರುಳಿ ಬೇಯುತ್ತಿರಬೇಕು. ಕುದುರೆಗೆ ಕಾಳು, ನಮಗೆ ಕಟ್ಟು. ಈಗಿನವರು ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ "ಕಟ್ಟಿನ ಸಾರು ನೀರುನೀರು" ಅಂತಾರೆ. ರಾತ್ರಿ ನೆನೆಹಾಕಿ, ದೊಡ್ಡ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸಿ, ಬಸಿದ ಕಟ್ಟನ್ನು ಮತ್ತೆ ಒಲೆಗಿಟ್ಟು ಬತ್ತಿಸಿ ನೋಡಿ. ಇರಲಿ, ಅದು ಬೇರೆ ಕಥೆ.

ಗುಂಗುರಿಗೆ ಗಾಳಿ ಅಂದರೆ ಆಗಲ್ಲ, ಹಾರೋ ಶಕ್ತಿಯೇ ಕಮ್ಮಿ. ಸಂಜೆ ದೀಪ ಹಚ್ಚೋಕೆ ಮುಂಚೆ ಕುದುರೆಯನ್ನು ಒಳಗೆ ತಂದು ಫ್ಯಾನ್ ಹಾಕಿ. ವೈರು ಅದರ ಬಾಯಿಗೆ ಸಿಗಬಾರದು. ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ಹಾಕೋದಾದರೆ ಲಾಯದ ಹೊರಗೆ, ಗಾಳಿ ಬರುವ ಕಡೆ, ಹೊಗೆ ಸುಳಿದು ಹೋಗೋ ಅಷ್ಟೇ. ಬಾಗಿಲು ಮುಚ್ಚಿ ಹೊಗೆ ತುಂಬಿಸಿದರೆ ಕುದುರೆಗೆ ಕೆಮ್ಮು ಹತ್ತುತ್ತದೆ.

ಎಣ್ಣೆ ಬೇಕೇ ಬೇಕು ಅನ್ನೋರಿಗೆ: ಕೊಬ್ಬರಿ ಎಣ್ಣೆಗೆ ಬೇವಿನೆಣ್ಣೆ ಬೆರೆಸಿ. ಎಷ್ಟು ಅಂದರೆ, ವಾಸನೆ ಮೂಗಿಗೆ ತಟ್ಟಬೇಕು, ಕಣ್ಣಲ್ಲಿ ನೀರು ಬರಬಾರದು. ಮೊದಲು ಭುಜದ ಹಿಂದೆ ಒಂದು ರೂಪಾಯಿ ಅಗಲ ಹಚ್ಚಿ ಮಾರನೇ ದಿನ ನೋಡಿ. ಆಮೇಲೆ ಎದೆ, ಹೊಟ್ಟೆಯ ನಡುಗೆರೆ, ಬಾಲದ ಬುಡ. ಬೆವರು ಒರೆಸಿ ಸಂಜೆ ಹಚ್ಚಿ. ಜೀನು, ಪಟ್ಟಿ ಕೂರುವ ಕಡೆ ಬೇಡ. ಬಿಸಿಲಿಗೆ ಹೊರಡುವಾಗಲೂ ಬೇಡ.

ಮೊಬೈಲ್ ನೋಡಿ ಬೆಳ್ಳುಳ್ಳಿ ತಿನ್ನಿಸೋರನ್ನೂ ಕಂಡಿದ್ದೇನೆ. ಬೆಳ್ಳುಳ್ಳಿ ಜಾಸ್ತಿಯಾದರೆ ಕುದುರೆಗೆ ರಕ್ತಹೀನತೆ ಬರುತ್ತದೆ. ಹಸುವಿನ ಉಣ್ಣೆಗೆ ಹಾಕೋ ಅಮಿಟ್ರಾಜ್ ಔಷಧವನ್ನಂತೂ ಕುದುರೆ ಹತ್ತಿರ ತರಲೇಬೇಡಿ. ಕರುಳು ನಿಂತುಹೋಗಿ ಹೊಟ್ಟೆನೋವು ಶುರುವಾಗುತ್ತದೆ, ಉಳಿಸಿಕೊಳ್ಳೋದು ಕಷ್ಟ. ಇನ್ನು ಅಂದಕ್ಕೆ ಅಂತ ಬಾಲ ಕತ್ತರಿಸೋರಿಗೆ ಏನು ಹೇಳಲಿ. ದೇವರು ಕೊಟ್ಟ ಚಾಮರ ಅದು.

ಮನೆಮದ್ದಿಗೆ ಒಂದು ಮಿತಿ ಇದೆ. ಒಂದು ಮಳೆಗಾಲದಲ್ಲಿ ನಮ್ಮ ಕೆಂಪಿ ಚೆನ್ನಾಗಿ ತಿಂದರೂ ಸೊರಗುತ್ತಾ ಬಂತು. ಜ್ವರ ಬರೋದು, ಬಿಡೋದು. ಹೊಟ್ಟೆ ಕೆಳಗೆ ಊತ. ನಾವು ಕಷಾಯ ಕುಡಿಸಿಕೊಂಡು ಕೂತೆವು. ಡಾಕ್ಟರು ಬಂದು ಇದು ಸರ್ರಾ, ರಕ್ತದಲ್ಲಿ ಕಣ್ಣಿಗೆ ಕಾಣದ ಜೀವಿ ಸೇರಿ ಬರೋ ಕಾಯಿಲೆ ಅಂದಾಗ ತಡವಾಗಿತ್ತು. ಕಾಯಿಲೆ ಬಿದ್ದ ದನ, ಕುದುರೆಯ ರಕ್ತ ಹೀರಿದ ದೊಡ್ಡ ನೊಣ ಇನ್ನೊಂದನ್ನು ಕಚ್ಚಿ ಅಂಟಿಸುತ್ತದೆ. 1880ರಲ್ಲೇ ಪಂಜಾಬಿನ ಕಡೆ ಗ್ರಿಫಿತ್ ಇವಾನ್ಸ್ ಅನ್ನೋ ಪಶುವೈದ್ಯ ರಕ್ತದಲ್ಲಿ ಆ ಜೀವಿಯನ್ನು ಕಂಡಿದ್ದನಂತೆ. ನಮಗೆ ಗೊತ್ತಾಗೋಕೆ ಒಂದು ಕುದುರೆ ಹೋಗಬೇಕಾಯಿತು.

ಈಗ ನಾನು ಕುದುರೆಗೆ ಕಟ್ಟೋ ಹಣೆ ಕುಚ್ಚಿನ ವಿಷಯ. ಕಣ್ಣಿನ ಸುತ್ತ ಯಾವ ಎಣ್ಣೆಯೂ ಹಚ್ಚುವ ಹಾಗಿಲ್ಲ, ನೊಣ ಮುತ್ತೋದು ಅಲ್ಲೇ. ಅದಕ್ಕೆ ಹಣೆಯಿಂದ ಕಣ್ಣ ಮುಂದೆ ಜೋತಾಡೋ ಕುಚ್ಚು, ತಲೆ ಅಲ್ಲಾಡಿಸಿದಾಗ ನೊಣ ಓಡಿಸೋಕೆ.

ಹಳೆಯ ಹತ್ತಿ ಸೀರೆ ತಗೊಳ್ಳಿ, ಒಗೆದು ಒಗೆದು ಮೆತ್ತಗಾದದ್ದು. ತಿಳಿ ಬಣ್ಣದ್ದು. ಕಪ್ಪು, ಕಡು ನೀಲಿ ಅಂದರೆ ಕುದುರೆ ನೊಣಕ್ಕೆ ಕರೆದ ಹಾಗೆ. ನೈಲಾನ್ ಸೀರೆ ತಂದರೆ ನಾನು ಮಾತೇ ಆಡಲ್ಲ. ಕಿರುಬೆರಳ ಅಗಲಕ್ಕೆ ಹರಿಯಿರಿ. ಕತ್ತರಿ ಬೇಡ, ಕೈಯಲ್ಲಿ ಹರಿದರೆ ಅಂಚಿನ ನೂಲು ಬಿಟ್ಟುಕೊಂಡು ಮೆತ್ತಗಿರುತ್ತದೆ, ಕಣ್ಣಿಗೆ ತಾಕಿದರೂ ಚುಚ್ಚಲ್ಲ. ನೀರಲ್ಲಿ ಅದ್ದಿ ಹಿಂಡಿ, ಮೂರು ಮೂರು ಸೇರಿಸಿ ಜಡೆ ಹಾಕಿ. ಒಣಗಿದ್ದರಲ್ಲಿ ಹೆಣೆದರೆ ಸಡಿಲ ಬರುತ್ತದೆ. ತುದಿಗೆ ಗಂಟು, ಗಂಟಿನ ಕೆಳಗೆ ಎರಡು ಬೆರಳು ಕುಚ್ಚು. ಗಂಟೇ ಅದರ ತೂಕ, ಅದಿಲ್ಲದಿದ್ದರೆ ಬೀಸಲ್ಲ. ಎಲ್ಲ ಗಂಟೂ ಒಂದೇ ಎತ್ತರಕ್ಕೆ ಬೇಡ. ಒಂದು ಮೇಲೆ ಒಂದು ಕೆಳಗೆ ಇದ್ದರೆ ತಲೆ ಅಲ್ಲಾಡಿಸಿದಾಗ ಒಂದೊಂದೂ ಒಂದೊಂದು ಕಡೆ ಹೊಡೆಯುತ್ತದೆ. ಸಮ ಇದ್ದರೆ ಪರದೆ ತರಹ ಒಟ್ಟಿಗೆ ತೂಗುತ್ತದೆ, ನೊಣ ಅದರ ಹಿಂದೆ ಆರಾಮಾಗಿ ಕೂರುತ್ತದೆ.

ಹದಿನೈದು ಹದಿನಾರು ಜಡೆ ಒತ್ತೊತ್ತಾಗಿ ಹಣೆಪಟ್ಟಿಗೆ ಕಟ್ಟಿ. ಕಣ್ಣಿನಿಂದ ನಾಲ್ಕು ಬೆರಳು ಕೆಳಗೆ ಬರಬೇಕು. ಕಮ್ಮಿಯಾದರೆ ಕಣ್ಣಿನ ಮೂಲೆ ತೆರೆದಿರುತ್ತದೆ, ಜಾಸ್ತಿಯಾದರೆ ಹುರುಳಿ ಜೊತೆ ಅದನ್ನೂ ಅಗಿಯುತ್ತದೆ. ಪಟ್ಟಿಯನ್ನು ತಲೆಗೆ ಬಿಗಿಯೋದು ಮಾತ್ರ ತೆಳು ಹತ್ತಿ ದಾರದಲ್ಲೇ. ಮೊದಲ ಸಲ ಜಾಣತನ ಮಾಡಿ ನಾನು ನೈಲಾನ್ ದಾರ ಹಾಕಿದ್ದೆ. ಕುಚ್ಚು ಮೊಳೆಗೆ ಸಿಕ್ಕಿ, ಕುದುರೆ ಗಾಬರಿಬಿದ್ದು ಎಳೆದು, ಚಪ್ಪರದ ಕಂಬವೇ ಬಂತು. ಮಾವನವರು ಎರಡು ದಿನ ನನ್ನ ಕೈಯಿಂದ ಕಾಫಿ ತಗೊಳ್ಳಲಿಲ್ಲ. ಎಳೆದರೆ ದಾರ ಹರಿಯಬೇಕು.

ಎರಡು ಕುಚ್ಚು ಮಾಡಿಟ್ಟುಕೊಳ್ಳಿ. ಪಿಸಿರು ಅಂಟಿದ ಕುಚ್ಚು ನೊಣವನ್ನು ಕರೆಯುತ್ತದೆ. ರಾತ್ರಿ ಬಿಚ್ಚಿ ಒಗೆದು, ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಅದ್ದಿ ನೆರಳಲ್ಲಿ ಒಣಹಾಕಿ.

ಆ ಹುಡುಗನಿಗೂ ಒಂದು ಮಾಡಿಕೊಟ್ಟೆ. "ಇದಕ್ಕೆ ಜರಿ ಸೇರಿಸಲಾ ಅಜ್ಜಿ, ಮೆರವಣಿಗೆಗೆ ಚೆನ್ನಾಗಿರುತ್ತೆ" ಅಂದ. ಜರಿ ಕಣ್ಣು ಗೀರುತ್ತದೆ ಕಣೋ, ಬೇಕಿದ್ದರೆ ಕಿವಿ ಹಿಂದೆ ನಾಲ್ಕು ಚೆಂಡುಹೂವು ಕಟ್ಟು ಅಂದು ಕಳಿಸಿದೆ.